ಅತಿಸುರುಳಿ ಮತ್ತು ವರ್ಣತಂತುಗಳ ವ್ಯವಸ್ಥೆ: ನಿಪ್ಪಾಣಿಯ ತಂಬಾಕು, ಕೃಷ್ಣಾ ತೀರದ ಕಬ್ಬು

ಡಿಎನ್‌ಎಯ ಎರಡು ಎಳೆಗಳು ಒಂದನ್ನೊಂದು ಸುತ್ತಿಕೊಂಡಿರುತ್ತವೆ. ಈ ಸುತ್ತುಗಳು ಸಹಜ ಪ್ರಮಾಣಕ್ಕಿಂತ ಹೆಚ್ಚಿದರೆ ಇಲ್ಲವೇ ತಗ್ಗಿದರೆ ಅಣುವಿನಲ್ಲಿ ಬಿಗುವು ಹುಟ್ಟಿ, ಅದು ತನ್ನ ಮೇಲೆ ತಾನೇ ಮತ್ತೊಮ್ಮೆ ಸುರುಳಿಗೊಳ್ಳುತ್ತದೆ. ಈ ಸ್ಥಿತಿಗೆ ಅತಿಸುರುಳಿ ಎಂದು ಹೆಸರು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಬೇಸಾಯವನ್ನು ರೂಪಿಸಿದ ಎರಡು ಬೆಳೆಗಳು ಈ ವಿಷಯವನ್ನು ತಿಳಿಯಲು ಬಹಳ ಅನುಕೂಲವಾದ ಉದಾಹರಣೆಗಳು. ಒಂದು, ನಿಪ್ಪಾಣಿಯ ಪೇಟೆಗೆ ಹೆಸರು ತಂದ ಬೀಡಿ ತಂಬಾಕು. ಇನ್ನೊಂದು, ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡು ಬೆಳೆಯುವ ಕಬ್ಬು. ತಂಬಾಕಿನ ಜೀವಕೋಶದಲ್ಲಿ 48 ವರ್ಣತಂತುಗಳಿವೆ. ಅದರ ಒಂದು ಜೊತೆ ಜೀನೋಮಿನಲ್ಲಿ ಸುಮಾರು 450 ಕೋಟಿ ಬೇಸ್ ಜೋಡಿಗಳು ಇರುವುದರಿಂದ, ಜೋಡಿಗೆ 0.34 ನ್ಯಾನೊಮೀಟರ್ ಲೆಕ್ಕದಲ್ಲಿ ಎಲೆಯ ಒಂದು ಕೋಶದೊಳಗಿನ ಎರಡು ಜೊತೆ ಡಿಎನ್‌ಎಯನ್ನು ಬಿಡಿಸಿ ಹಾಸಿದರೆ 3 ಮೀಟರ್ ಆಗುತ್ತದೆ. ಆಧುನಿಕ ಕಬ್ಬಿನ ಕೋಶದಲ್ಲಿ ನೂರಕ್ಕೂ ಹೆಚ್ಚು ವರ್ಣತಂತುಗಳಿದ್ದು, ಒಟ್ಟು ಡಿಎನ್‌ಎ ಸುಮಾರು 1,000 ಕೋಟಿ ಜೋಡಿಗಳಷ್ಟು, ಅಂದರೆ 3.4 ಮೀಟರ್. ಇಷ್ಟು ಉದ್ದದ ದಾರ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಅಗಲದ ಕೋಶಕೇಂದ್ರದಲ್ಲಿ ಅಡಗಿರಬೇಕು; ಅಡಗಿದ್ದೂ ಬೇಕಾದ ಜೀನ್ ಬೇಕಾದ ಹೊತ್ತಿಗೆ ಕೈಗೆ ಸಿಗಬೇಕು; ಕೋಶ ಒಡೆಯುವಾಗ ಎರಡು ಪ್ರತಿಗಳು ಗಂಟಾಗದೆ ಬೇರ್ಪಡಬೇಕು.

ಈ ಮೂರು ಕೆಲಸಗಳನ್ನು ವಿವರಿಸುವಾಗ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಪ್ರೋಟೀನುಗಳ ಕಥೆ ಹೇಳುತ್ತವೆ: ಹಿಸ್ಟೋನುಗಳು ಡಿಎನ್‌ಎಯನ್ನು ಸುತ್ತಿಡುತ್ತವೆ, ಬೇರೆ ಪ್ರೋಟೀನುಗಳು ಅದನ್ನು ಕುಣಿಕೆಗಳಾಗಿ ಎಳೆದು ಜೋಡಿಸುತ್ತವೆ. ಆ ಚಿತ್ರದಲ್ಲಿ ಅತಿಸುರುಳಿಗೆ ಸಿಗುವುದು ಪಕ್ಕದ ಪಾತ್ರ. ಸುತ್ತಿಡುವಾಗ ತಾನಾಗಿ ಉಳಿದುಹೋದ ತಿರುಚು ಎಂಬಂತೆ ಅದು ಬಂದುಹೋಗುತ್ತದೆ. ಈ ಲೇಖನ ಮಂಡಿಸುವ ವಾದ ಬೇರೆ. ಅತಿಸುರುಳಿ ವರ್ಣತಂತು ವ್ಯವಸ್ಥೆಯ ಫಲವೂ ಹೌದು, ಅದರ ಕಾರಣಗಳಲ್ಲಿ ಒಂದೂ ಹೌದು. ಜೀನ್ ಓದುವ ಕ್ರಿಯೆ ತಿರುಚನ್ನು ಹುಟ್ಟಿಸುತ್ತದೆ, ಆ ತಿರುಚು ವರ್ಣತಂತುವಿನ ಆಕಾರವನ್ನು ಬದಲಿಸುತ್ತದೆ, ಆಕಾರ ಮತ್ತೆ ಜೀನ್ ಓದುವಿಕೆಯನ್ನು ನಿಯಂತ್ರಿಸುತ್ತದೆ. ಪ್ರೋಟೀನುಗಳು ಈ ಚಕ್ರದೊಳಗೆ ಕೆಲಸ ಮಾಡುತ್ತವೆಯೇ ಹೊರತು ಅದರ ಹೊರಗೆ ನಿಂತಲ್ಲ.

ಹುರಿ, ಮುರಿಗೆ, ಹೆಣಿಕೆ

ಹಗ್ಗ ಹೊಸೆಯುವವರಿಗೆ ಈ ವಿಷಯದ ಅರ್ಧಭಾಗ ಕೈಯಿಂದಲೇ ಗೊತ್ತು. ಎರಡು ತುದಿಗಳನ್ನು ಬಿಗಿಹಿಡಿದು ಹುರಿಯನ್ನು ಮಿತಿಮೀರಿ ಏರಿಸಿದರೆ ಹಗ್ಗ ನಡುವೆ ಮುರಿಗೆ ಬೀಳುತ್ತದೆ. ಒಂದು ತುದಿ ಬಿಟ್ಟೊಡನೆ ಹುರಿ ಸಡಿಲಗೊಂಡು ಮುರಿಗೆಯೂ ಮಾಯವಾಗುತ್ತದೆ. ಡಿಎನ್‌ಎಯಲ್ಲಿ ಎಳೆಗಳು ಒಂದನ್ನೊಂದು ಸುತ್ತುವುದನ್ನು ಹುರಿ ಎಂದೂ, ಇಡೀ ಅಣು ತನ್ನ ಮೇಲೆ ಸುತ್ತುವುದನ್ನು ಮುರಿಗೆ ಎಂದೂ ಕರೆದರೆ, ಎರಡರ ಮೊತ್ತವೇ ಹೆಣಿಕೆ ಸಂಖ್ಯೆ. ರೊಮೇನಿಯಾದ ಗಣಿತಜ್ಞ ಕಾಲುಗರೇನು ಆರಂಭಿಸಿದ, 1969ರಲ್ಲಿ ವೈಟ್ ಹಾಗೂ 1971ರಲ್ಲಿ ಫುಲ್ಲರ್ ಮುಂದುವರಿಸಿದ ಗಣಿತದ ತಿರುಳು ಇದು. ತುದಿಗಳು ಕೂಡಿಕೊಂಡು ಉಂಗುರವಾದ ಡಿಎನ್‌ಎಯಲ್ಲಿ ಎಳೆಯನ್ನು ಕತ್ತರಿಸದ ಹೊರತು ಹೆಣಿಕೆ ಸಂಖ್ಯೆ ಬದಲಾಗದು. ಹುರಿ ತಗ್ಗಿದರೆ ಮುರಿಗೆ ಹೆಚ್ಚಬೇಕು, ಮುರಿಗೆ ತಗ್ಗಿದರೆ ಹುರಿ ಹೆಚ್ಚಬೇಕು. ಸಡಿಲ ಸ್ಥಿತಿಯಲ್ಲಿ ಸುಮಾರು 10.5 ಜೋಡಿಗಳಿಗೆ ಒಂದು ಸುತ್ತು ಇರುತ್ತದೆ. ಬ್ಯಾಕ್ಟೀರಿಯಾಗಳಿಂದ ಬೇರ್ಪಡಿಸಿ ಶುದ್ಧಗೊಳಿಸಿದ ಉಂಗುರಗಳಲ್ಲಿ ಹೆಣಿಕೆ ಸಂಖ್ಯೆ ಇದಕ್ಕಿಂತ ಶೇ. 6ರಷ್ಟು ಕಡಿಮೆ. ಈ ಕೊರತೆಗೆ ಋಣ ಅತಿಸುರುಳಿ ಎಂದೂ, ಹೆಚ್ಚುವರಿಗೆ ಧನ ಅತಿಸುರುಳಿ ಎಂದೂ ಹೆಸರು. ಋಣ ಅತಿಸುರುಳಿಯಲ್ಲಿ ಎಳೆಗಳು ಬಿಚ್ಚಿಕೊಳ್ಳಲು ಸಿದ್ಧವಾಗಿರುತ್ತವೆ. ಜೀನ್ ಓದಲು, ಡಿಎನ್‌ಎ ನಕಲಿಸಲು ಮೊದಲು ಬೇಕಾದುದು ಈ ಬಿಚ್ಚುವಿಕೆಯೇ. 1965ರಲ್ಲಿ ಜೆರೋಮ್ ವಿನೊಗ್ರಾಡ್ ಮತ್ತು ಸಂಗಡಿಗರು ಪಾಲಿಯೋಮಾ ವೈರಸ್ಸಿನ ಉಂಗುರಾಕಾರದ ಡಿಎನ್‌ಎಯಲ್ಲಿ ಇಂಥ ಮುರಿಗೆಗಳನ್ನು ಗುರುತಿಸಿದಲ್ಲಿಂದ ಈ ಅಧ್ಯಯನ ಆರಂಭವಾಯಿತು.

ಕರ್ನಾಟಕಕ್ಕೆ ಈ ಚರಿತ್ರೆಯಲ್ಲಿ ಗೌರವದ ಸ್ಥಾನವಿದೆ. 1976ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ಶಶಿಶೇಖರನ್ ಮತ್ತು ಎನ್. ಪಟ್ಟಾಭಿರಾಮನ್ ಅವರು ಎರಡೆಳೆಗಳು ಒಂದಷ್ಟು ದೂರ ಬಲಕ್ಕೂ ಮತ್ತಷ್ಟು ದೂರ ಎಡಕ್ಕೂ ತಿರುಗುತ್ತ ಅಕ್ಕಪಕ್ಕ ಸಾಗುವ ಬದಲಿ ಮಾದರಿಯೊಂದನ್ನು ಮುಂದಿಟ್ಟರು. ಅದೇ ವರ್ಷ ನ್ಯೂಜಿಲೆಂಡಿನ ರಾಡ್ಲಿ ತಂಡವೂ ಇಂಥದೇ ಮಾದರಿಯನ್ನು ಪ್ರಕಟಿಸಿತು. ಎಳೆಗಳು ಗಂಟಾಗದೆ ಬೇರ್ಪಡುವುದು ಹೇಗೆಂಬ ಪ್ರಶ್ನೆಗೆ ಆ ಮಾದರಿ ನೇರ ಉತ್ತರ ಕೊಡುತ್ತಿತ್ತು, ಏಕೆಂದರೆ ಬಲ ಎಡ ಸುತ್ತುಗಳು ಒಂದನ್ನೊಂದು ಸರಿದೂಗಿಸಿ ನಿವ್ವಳ ಹೆಣಿಕೆ ಬಹುತೇಕ ಉಳಿಯುವುದೇ ಇಲ್ಲ. ತೀರ್ಪು ಕೊಟ್ಟದ್ದು ಅತಿಸುರುಳಿಯ ಅಳತೆ. ಹೆಣಿಕೆ ಸಂಖ್ಯೆಯಲ್ಲಿ ಒಂದೊಂದೇ ವ್ಯತ್ಯಾಸವಿರುವ ಉಂಗುರಗಳು ಜೆಲ್‌ನಲ್ಲಿ ಬೇರೆಬೇರೆ ಪಟ್ಟಿಗಳಾಗಿ ನಿಲ್ಲುತ್ತವೆ. ಉದ್ದ ಗೊತ್ತಿರುವ ಚಿಕ್ಕ ತುಣುಕುಗಳನ್ನು ಉಂಗುರಕ್ಕೆ ಸೇರಿಸಿ, ಪಟ್ಟಿಗಳು ಎಷ್ಟು ಸರಿಯುತ್ತವೆಂದು ನೋಡಿ ಜೇಮ್ಸ್ ವಾಂಗ್ 1979ರಲ್ಲಿ ಒಂದು ಸುತ್ತಿಗೆ ಸುಮಾರು 10.4 ಜೋಡಿಗಳೆಂದು ಅಳೆದರು. ಅದೇ ವರ್ಷ ಕ್ರಿಕ್, ವಾಂಗ್ ಮತ್ತು ಬಾವರ್ ಬರೆದ ವಿಮರ್ಶೆ ಎಳೆಗಳು ನಿಜವಾಗಿಯೂ ಹೆಣೆದುಕೊಂಡಿವೆ ಎಂಬುದನ್ನು ಖಚಿತಪಡಿಸಿತು. ಬೆಂಗಳೂರಿನ ಮಾದರಿ ನಿಲ್ಲಲಿಲ್ಲ, ಆದರೆ ಅದು ಎತ್ತಿದ ಪ್ರಶ್ನೆ ನಿಂತಿತು: ಕೋಟ್ಯಂತರ ಹೆಣಿಕೆಗಳು ನಿಜವಾಗಿದ್ದರೆ, ಅವನ್ನು ಬಿಡಿಸುವ ಹೊರೆಯೂ ನಿಜ. ಆ ಹೊರೆಯನ್ನು ಕೋಶ ಹೊರುವ ರೀತಿಯೇ ವರ್ಣತಂತುವಿನ ಆಕಾರವನ್ನು ತೀರ್ಮಾನಿಸುತ್ತದೆ.

ಬ್ಯಾಕ್ಟೀರಿಯಾ ಕೊಡುವ ಸಾಕ್ಷ್ಯ

ಹೆಣಿಕೆ ಬದಲಿಸುವ ಕಿಣ್ವಗಳಿಗೆ ಟೊಪೊಐಸೊಮರೇಸ್ ಎಂದು ಹೆಸರು. ಇವುಗಳಲ್ಲಿ ಮೊದಲನೆಯದನ್ನು ವಾಂಗ್ 1971ರಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಕಂಡರು. ಅದು ಒಂದೆಳೆಯನ್ನು ಕತ್ತರಿಸಿ ಬಿಗುವು ಇಳಿಸಿ ಮತ್ತೆ ಬೆಸೆಯುತ್ತದೆ. 1976ರಲ್ಲಿ ಮಾರ್ಟಿನ್ ಗೆಲ್ಲರ್ಟ್ ತಂಡ ಕಂಡುಹಿಡಿದ ಗೈರೇಸ್ ಎರಡೂ ಎಳೆಗಳನ್ನು ಕತ್ತರಿಸಿ, ಆ ಸಂದಿನಲ್ಲಿ ಡಿಎನ್‌ಎಯ ಇನ್ನೊಂದು ಭಾಗವನ್ನು ದಾಟಿಸಿ, ಪ್ರತಿ ಸಲವೂ ಹೆಣಿಕೆಯನ್ನು ಎರಡರಷ್ಟು ಇಳಿಸುತ್ತದೆ. ಈ ಎರಡು ಕಿಣ್ವಗಳ ಎಳೆದಾಟದಲ್ಲಿ ಬ್ಯಾಕ್ಟೀರಿಯಾದ ಅತಿಸುರುಳಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟ ಆಕಸ್ಮಿಕವಲ್ಲ. ಡಿಎನ್‌ಎ ಸಡಿಲಗೊಂಡರೆ ಗೈರೇಸಿನ ಜೀನುಗಳ ಕೆಲಸ ತಾನಾಗಿ ಚುರುಕಾಗುತ್ತದೆ ಎಂದು ಮೆನ್ಜೆಲ್ ಮತ್ತು ಗೆಲ್ಲರ್ಟ್ 1983ರಲ್ಲಿ ತೋರಿಸಿದರು. ಮೊದಲನೆಯ ಕಿಣ್ವವನ್ನು ಕಳೆದುಕೊಂಡ ಇ. ಕೋಲೈ ತಳಿಗಳು ಬದುಕಿ ಬೆಳೆಯುವುದು ಸಾಮಾನ್ಯವಾಗಿ ಗೈರೇಸಿನಲ್ಲಿ ಅದಕ್ಕೆ ಸರಿದೂಗುವ ಇನ್ನೊಂದು ಮಾರ್ಪಾಡು ಆದಾಗಲೇ. ತಾನಾಗಿ ಉಳಿದುಹೋದ ತಿರುಚನ್ನು ಯಾವ ಜೀವಿಯೂ ಇಷ್ಟು ಎಚ್ಚರಿಕೆಯಿಂದ ಕಾಯುವುದಿಲ್ಲ.

ತಿರುಚು ಹುಟ್ಟುವ ಬಗೆಯನ್ನು 1987ರಲ್ಲಿ ಲಿಯು ಮತ್ತು ವಾಂಗ್ ಸ್ಪಷ್ಟಪಡಿಸಿದರು. ಜೀನ್ ಓದುವ ಪಾಲಿಮರೇಸ್ ಯಂತ್ರ ಭಾರಿ ಗಾತ್ರದ್ದು. ಕಿಕ್ಕಿರಿದ ಕೋಶದಲ್ಲಿ ಅದು ಡಿಎನ್‌ಎಯ ಸುತ್ತ ತಿರುಗಲಾರದು, ಹಾಗಾಗಿ ಡಿಎನ್‌ಎಯೇ ತಿರುಗಬೇಕಾಗುತ್ತದೆ. ಆಗ ಯಂತ್ರದ ಮುಂದೆ ಹುರಿ ಬಿಗಿದು ಧನ ಅತಿಸುರುಳಿ, ಹಿಂದೆ ಹುರಿ ಸಡಿಲಗೊಂಡು ಋಣ ಅತಿಸುರುಳಿ ಉಂಟಾಗುತ್ತವೆ. ಸೆಕೆಂಡಿಗೆ 40ರಿಂದ 50 ಜೋಡಿಗಳನ್ನು ಓದುವ ಯಂತ್ರ ಸೆಕೆಂಡಿಗೆ ಸುಮಾರು ನಾಲ್ಕೈದು ಸುತ್ತುಗಳನ್ನು ಮುಂದಕ್ಕೆ ತಳ್ಳುತ್ತದೆ. ಇ. ಕೋಲೈಯ 46 ಲಕ್ಷ ಜೋಡಿಗಳ ಉಂಗುರ ಬಿಡಿಸಿದರೆ 1.6 ಮಿಲಿಮೀಟರ್, ಅದು ಒಂದೆರಡು ಮೈಕ್ರೊಮೀಟರಿನ ಕೋಶದಲ್ಲಿ ಹಿಡಿದಿರುವುದು ಸುರುಳಿ ಸುತ್ತಿದ ನೂರಾರು ಚಿಕ್ಕ ಕುಣಿಕೆಗಳಾಗಿ. 2004ರಲ್ಲಿ ಪೋಸ್ಟೋ ಮತ್ತು ಸಂಗಡಿಗರು ಒಂದು ಕುಣಿಕೆಯ ಸರಾಸರಿ ಉದ್ದ ಸುಮಾರು 10 ಸಾವಿರ ಜೋಡಿಗಳೆಂದು ಅಂದಾಜಿಸಿದರು. ಒಂದು ಕುಣಿಕೆಯಲ್ಲಿ ಎಳೆ ತುಂಡಾದರೆ ಅದರ ಬಿಗುವು ಮಾತ್ರ ಇಳಿಯುತ್ತದೆ, ಉಳಿದವು ಹಾಗೆಯೇ ಇರುತ್ತವೆ.

ಇಲ್ಲಿಯೇ ಮೊದಲನೆಯ ಆಕ್ಷೇಪ ಏಳುತ್ತದೆ. ಚುರುಕಾದ ಜೀನುಗಳೂ ವರ್ಣತಂತುವಿನ ವಲಯಗಳ (ತಮ್ಮೊಳಗೇ ಒತ್ತಾಗಿ ಕೂಡಿರುವ ಭಾಗಗಳ) ಗಡಿಗಳೂ ಒಂದೇ ಕಡೆ ಸಿಕ್ಕವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ. ಆಕ್ಷೇಪ ನ್ಯಾಯವಾದುದು, ಅದಕ್ಕೆ ಉತ್ತರ ಪ್ರಯೋಗದಿಂದಲೇ ಬರಬೇಕು. 2013ರಲ್ಲಿ ತುಂಗ್ ಲೆ, ಮೈಕೆಲ್ ಲಾಬ್ ಮತ್ತು ಸಂಗಡಿಗರು ಕಾಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ವರ್ಣತಂತುವಿನಲ್ಲಿ ಯಾವ ಭಾಗ ಯಾವುದರ ಹತ್ತಿರ ಇದೆ ಎಂಬ ನಕ್ಷೆ ತೆಗೆದಾಗ, ಅದು 23 ವಲಯಗಳಾಗಿ ವಿಂಗಡಗೊಂಡಿರುವುದೂ, ಗಡಿಗಳಲ್ಲಿ ಬಹಳ ಚುರುಕಾಗಿ ಓದಲ್ಪಡುವ ಜೀನುಗಳಿರುವುದೂ ಕಂಡಿತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಅಂಥ ಒಂದು ಜೀನನ್ನು ಬೇರೆಡೆಗೆ ಸಾಗಿಸಿದಾಗ ಅಲ್ಲಿ ಹೊಸ ಗಡಿ ಮೂಡಿತು. ಓದುವಿಕೆಯನ್ನು ತಡೆಯುವ ಔಷಧ ಕೊಟ್ಟಾಗ ಗಡಿಗಳು ಅಳಿದವು. ಗೈರೇಸನ್ನು ತಡೆದಾಗ ವಲಯಗಳ ಅಂಚು ಮಂಕಾಯಿತು. ಜೀನ್ ಕದಲಿದರೆ ಗಡಿ ಕದಲುತ್ತದೆ, ಬಿಗುವು ಇಳಿದರೆ ಗಡಿ ಮಸುಕಾಗುತ್ತದೆ; ಇದನ್ನು ಬರಿಯ ಸಹವಾಸ ಎನ್ನಲಾಗದು.

ತಂಬಾಕಿನ ಎಲೆಯೊಳಗಿನ ಉಂಗುರ

ಬ್ಯಾಕ್ಟೀರಿಯಾದ ಪಾಠ ಗಿಡಗಳಿಗೆ ಎಷ್ಟು ಅನ್ವಯಿಸುತ್ತದೆ? ಮೊದಲ ಉತ್ತರ ತಂಬಾಕಿನ ಎಲೆಯಲ್ಲೇ ಇದೆ. ಎಲೆಯ ಹಸಿರಿಗೆ ಕಾರಣವಾದ ಕ್ಲೋರೋಪ್ಲಾಸ್ಟುಗಳು ಪುರಾತನ ಬ್ಯಾಕ್ಟೀರಿಯಾಗಳ ಸಂತತಿ. ಅವಕ್ಕೆ ತಮ್ಮದೇ ಡಿಎನ್‌ಎ ಇದೆ. 1986ರಲ್ಲಿ ಜಪಾನಿನ ನಗೋಯಾದಲ್ಲಿ ಶಿನೋಝಾಕಿ, ಸುಗಿಯುರಾ ಮತ್ತು ಸಂಗಡಿಗರು ತಂಬಾಕಿನ ಕ್ಲೋರೋಪ್ಲಾಸ್ಟ್ ಡಿಎನ್‌ಎಯನ್ನು ಪೂರ್ತಿ ಓದಿ, ಸುಮಾರು 1,56,000 ಜೋಡಿಗಳ ವಿವರ ಪ್ರಕಟಿಸಿದರು. ಕ್ಲೋರೋಪ್ಲಾಸ್ಟ್ ಜೀನೋಮನ್ನು ಸಮಗ್ರವಾಗಿ ಓದಿದ ಮೊದಲ ಪ್ರಯತ್ನಗಳಲ್ಲಿ ಅದು ಒಂದು. ಕಬ್ಬಿನ ಕ್ಲೋರೋಪ್ಲಾಸ್ಟ್ ಉಂಗುರ 1,41,182 ಜೋಡಿಗಳದ್ದೆಂದು 2004ರಲ್ಲಿ ತಿಳಿಯಿತು. ಆಗ ಓದಿದ ಎನ್‌ಸಿಒ 310 ತಳಿ ಕೊಯಮತ್ತೂರಿನ ಬೀಜದಿಂದ ದಕ್ಷಿಣ ಆಫ್ರಿಕದ ನಟಾಲಿನಲ್ಲಿ ಆಯ್ದದ್ದು. ಅದೇ 2004ರಲ್ಲಿ ಆಂಥನಿ ಮ್ಯಾಕ್ಸ್‌ವೆಲ್ ಮತ್ತು ಸಂಗಡಿಗರು ಅರಾಬಿಡಾಪ್ಸಿಸ್ ಗಿಡದಲ್ಲಿ ಗೈರೇಸ್ ಇರುವುದನ್ನೂ, ಅದು ಕ್ಲೋರೋಪ್ಲಾಸ್ಟ್ ಮತ್ತು ಮೈಟೊಕಾಂಡ್ರಿಯಗಳಿಗೆ ಸಾಗುವುದನ್ನೂ ಸ್ಥಾಪಿಸಿದರು. ಗೈರೇಸ್ ಬ್ಯಾಕ್ಟೀರಿಯಾಗಳ ಸೊತ್ತು ಎಂಬ ಹಳೆಯ ನಂಬಿಕೆ ಅಲ್ಲಿಗೆ ಸಡಿಲಗೊಂಡಿತು.

ನಿರ್ಣಾಯಕ ಪ್ರಯೋಗ ನಡೆದದ್ದು ತಂಬಾಕಿನ ಹತ್ತಿರದ ಬಂಧು ನಿಕೋಟಿಯಾನ ಬೆಂತಾಮಿಯಾನದಲ್ಲಿ. ಅದೇ ವರ್ಷ ಕೊರಿಯಾದ ವಿಜ್ಞಾನಿಗಳು ಈ ಗಿಡದ ಗೈರೇಸ್ ಜೀನುಗಳನ್ನು ಅಡಗಿಸಿದಾಗ ಎಲೆಗಳು ಹಳದಿಗಟ್ಟಿದವು. ಕೋಶಗಳಲ್ಲಿ ಕ್ಲೋರೋಪ್ಲಾಸ್ಟುಗಳ ಸಂಖ್ಯೆ ಇಳಿದು ಗಾತ್ರ ಏರಿತು. ಅವುಗಳೊಳಗಿನ ಡಿಎನ್‌ಎ ಮುದ್ದೆಗಳು ಹಂಚಿಕೊಳ್ಳಲಾರದೆ ದೊಡ್ಡ ಗುಡ್ಡೆಗಳಾಗಿ ಉಳಿದವು. ಇಲ್ಲಿ ಡಿಎನ್‌ಎಯ ಬರಹ ಬದಲಾಗಿಲ್ಲ, ಅದು ಹೊದ್ದಿರುವ ಪ್ರೋಟೀನನ್ನು ಯಾರೂ ಮುಟ್ಟಿಲ್ಲ. ಹೆಣಿಕೆ ನಿಭಾಯಿಸುವ ಒಂದು ಕಿಣ್ವ ಕುಗ್ಗಿದ್ದಕ್ಕೆ ಡಿಎನ್‌ಎಯ ಇಡೀ ಹಂಚಿಕೆ ಕೆಟ್ಟಿತು. ನಿಪ್ಪಾಣಿಯ ಹೊಲದ ತಂಬಾಕು ಗಿಡ ತನ್ನ ಪ್ರತಿ ಎಲೆಯಲ್ಲೂ ಇಂಥ ಕೋಟಿಗಟ್ಟಲೆ ಉಂಗುರಗಳನ್ನು ತಿರುಚಿ, ಬಿಡಿಸಿ, ಹಂಚುತ್ತಲೇ ಬೆಳೆಯುತ್ತದೆ.

ಕೋಶಕೇಂದ್ರ: ಮೂರು ಆಕ್ಷೇಪಗಳು

ಕೋಶಕೇಂದ್ರದ ವರ್ಣತಂತುಗಳ ಮಾತು ಬಂದಾಗ ಆಕ್ಷೇಪಗಳು ಗಟ್ಟಿಯಾಗುತ್ತವೆ. ಅವು ಉಂಗುರಗಳಲ್ಲ, ತುದಿಗಳಿರುವ ಉದ್ದ ದಾರಗಳು. ಬಿಟ್ಟ ತುದಿಯಿಂದ ಹುರಿ ಜಾರಿಹೋಗುವುದಿಲ್ಲವೇ ಎಂಬುದು ಇಲ್ಲಿನ ಮೊದಲ ಪ್ರಶ್ನೆ. ಜಾರಬಹುದಿತ್ತು, ದಾರ ಬರಿಯ ನೀರಿನಲ್ಲಿ ತೇಲುತ್ತಿದ್ದರೆ. ಕೋಶಕೇಂದ್ರದಲ್ಲಿ ಕೋಟ್ಯಂತರ ಜೋಡಿ ಉದ್ದದ ಡಿಎನ್‌ಎ ಹಿಸ್ಟೋನುಗಳ ಭಾರ ಹೊತ್ತು, ಅಲ್ಲಲ್ಲಿ ಕೋಶಕೇಂದ್ರದ ಹಂದರಕ್ಕೆ ಅಂಟಿಕೊಂಡು ಬಾಳುತ್ತದೆ. ಈ ಅಂಟುತಾಣಗಳನ್ನು ಗಿಡಗಳಲ್ಲಿ ವಿವರವಾಗಿ ಅಧ್ಯಯನ ಮಾಡಿದ್ದು ತಂಬಾಕಿನಲ್ಲೇ. ಅಮೆರಿಕದ ಉತ್ತರ ಕೆರೊಲಿನಾದ ಸ್ಟೀವನ್ ಸ್ಪೈಕರ್, ವಿಲಿಯಂ ಥಾಂಪ್ಸನ್ ಮತ್ತು ಸಂಗಡಿಗರು 1991ರಲ್ಲಿ ವಿವರಿಸಿದ, ತಂಬಾಕಿನ ಬೇರಿನ ಜೀನೊಂದರ ಪಕ್ಕದ ಆರ್‌ಬಿ7 ಎಂಬ ತುಣುಕು ಮುಂದೆ ಬಹಳ ಹೆಸರಾಯಿತು. ಹೊಸದಾಗಿ ಸೇರಿಸಿದ ಜೀನಿನ ಎರಡೂ ಬದಿಗೆ ಅದನ್ನು ಇಟ್ಟಾಗ ಆ ಜೀನ್ ತಂಬಾಕಿನ ಕೋಶಗಳಲ್ಲಿ ಹೆಚ್ಚು ಚುರುಕಾಗಿ ಕೆಲಸ ಮಾಡಿತು. ಎರಡು ಅಂಟುತಾಣಗಳ ನಡುವಿನ ಕುಣಿಕೆ ತುದಿ ಕಟ್ಟಿದ ದಾರದಂತೆಯೇ ವರ್ತಿಸಬಲ್ಲುದು. ದೂರದಲ್ಲೆಲ್ಲೋ ಇರುವ ಬಿಟ್ಟ ತುದಿಯಿಂದ ಅದಕ್ಕೆ ಬಿಡುಗಡೆಯಿಲ್ಲ.

ಎರಡನೆಯ ಆಕ್ಷೇಪ ಹಿಸ್ಟೋನುಗಳದು. ಹಿಸ್ಟೋನುಗಳಿಗೆ ಡಿಎನ್‌ಎ ಸುತ್ತಿಕೊಂಡ ಒಂದೊಂದು ಗುಂಡಿನಲ್ಲಿ, ಅಂದರೆ ನ್ಯೂಕ್ಲಿಯೊಸೋಮಿನಲ್ಲಿ, 147 ಜೋಡಿ ಡಿಎನ್‌ಎ ಎಡಸುತ್ತಾಗಿ ಸುಮಾರು 1.65 ಸುತ್ತು ಹಾಕಿರುತ್ತದೆ, ಹೆಚ್ಚುಕಡಿಮೆ ಒಂದು ಋಣ ಹೆಣಿಕೆಯನ್ನು ಅದು ಹಿಡಿದಿಡುತ್ತದೆ. ಹಾಗಾದರೆ ಗಿಡ, ಪ್ರಾಣಿಗಳ ಅತಿಸುರುಳಿಯೆಲ್ಲ ಹಿಸ್ಟೋನುಗಳ ಹಿಡಿತದಲ್ಲಿದೆ, ಬಿಡಿ ಬಿಗುವು ಎಂಬುದೇ ಇಲ್ಲ ಎಂದು ವಾದಿಸಬಹುದು. 1980ರಲ್ಲಿ ಸಿಂಡೆನ್, ಕಾರ್ಲ್‌ಸನ್ ಮತ್ತು ಪೆಟಿಜಾನ್ ಸೋರಾಲೆನ್ ಬಳಸಿ ಅಳೆದಾಗ ಮನುಷ್ಯ ಮತ್ತು ಹಣ್ಣುನೊಣದ ಕೋಶಗಳಲ್ಲಿ ಬಿಡಿ ಬಿಗುವು ಕಾಣಿಸಲೂ ಇಲ್ಲ. ಸೋರಾಲೆನ್ ಎಂದರೆ ನಮ್ಮಲ್ಲಿ ತೊನ್ನಿಗೆ ಮದ್ದಾಗಿ ಬಳಸುವ ಬಾವಂಚಿ ಬೀಜದಲ್ಲಿರುವ ಕುಲದ ಅಣು. ಹುರಿ ಸಡಿಲಗೊಂಡ ಡಿಎನ್‌ಎಗೆ ಅದು ಹೆಚ್ಚು ಸುಲಭವಾಗಿ ಹೊಕ್ಕು, ಬೆಳಕು ಬಿದ್ದಾಗ ಅಲ್ಲೇ ಬೆಸೆದುಕೊಳ್ಳುತ್ತದೆ. ಆದರೆ 1980ರ ಅಳತೆ ಇಡೀ ಜೀನೋಮಿನ ಸರಾಸರಿ. ಧನವೂ ಋಣವೂ ಒಂದನ್ನೊಂದು ಕಳೆದರೆ ಸರಾಸರಿ ಸೊನ್ನೆಯಾಗುವುದು ಸಹಜವೇ. 2013ರಲ್ಲಿ ಎಡಿನ್‌ಬರೋದ ನಾಟನ್, ಗಿಲ್ಬರ್ಟ್ ಮತ್ತು ಸಂಗಡಿಗರು ಇದೇ ಅಣುವಿನ ಸುಧಾರಿತ ರೂಪದಿಂದ ತಾಣವಾರು ನಕ್ಷೆ ತೆಗೆದರು. ಮನುಷ್ಯನ ವರ್ಣತಂತು ಸುಮಾರು ಒಂದು ಲಕ್ಷ ಜೋಡಿಗಳ ಅಳತೆಯ ಸಡಿಲ ವಲಯಗಳಾಗಿ, ಬಿಗಿ ವಲಯಗಳಾಗಿ ಹಂಚಿಹೋಗಿತ್ತು. ಸಡಿಲ ವಲಯಗಳಲ್ಲಿ ಜೀನುಗಳು ದಟ್ಟವಾಗಿದ್ದವು, ಅಲ್ಲಿನ ಕ್ರೊಮ್ಯಾಟಿನ್, ಅಂದರೆ ಡಿಎನ್‌ಎ ಮತ್ತು ಹಿಸ್ಟೋನುಗಳ ಕೂಟ, ತೆರೆದಿತ್ತು. ಓದುವಿಕೆಯನ್ನೋ ಟೊಪೊಐಸೊಮರೇಸನ್ನೋ ತಡೆದರೆ ನಕ್ಷೆ ಬದಲಾಗುತ್ತಿತ್ತು. ಟೀವ್ಸ್ ಮತ್ತು ಹೆನಿಕಾಫ್ 2014ರಲ್ಲಿ ತೋರಿಸಿದಂತೆ ತಿರುಚಿನ ಬಿಗುವು ನ್ಯೂಕ್ಲಿಯೊಸೋಮುಗಳನ್ನೇ ಅಲುಗಿಸುತ್ತದೆ. ಹಿಸ್ಟೋನು ತಿರುಚನ್ನು ಹಿಡಿದಿಡುತ್ತದೆ ಎಂಬುದು ಎಷ್ಟು ನಿಜವೋ, ತಿರುಚು ಹಿಸ್ಟೋನಿನ ಹಿಡಿತವನ್ನು ತೀರ್ಮಾನಿಸುತ್ತದೆ ಎಂಬುದೂ ಅಷ್ಟೇ ನಿಜ.

ಮೂರನೆಯದು ಇಂದಿನ ಅತ್ಯಂತ ಪ್ರಬಲ ಆಕ್ಷೇಪ. ಕೊಹೆಸಿನ್, ಕಾಂಡೆನ್ಸಿನ್ ಎಂಬ ಪ್ರೋಟೀನ್ ಯಂತ್ರಗಳು ಡಿಎನ್‌ಎಯನ್ನು ಎಳೆದೆಳೆದು ಕುಣಿಕೆ ಮಾಡುತ್ತವೆ. 2018ರಲ್ಲಿ ಕಾಂಡೆನ್ಸಿನ್, 2019ರಲ್ಲಿ ಕೊಹೆಸಿನ್ ಹೀಗೆ ಎಳೆಯುವುದನ್ನು ಸೂಕ್ಷ್ಮದರ್ಶಕದಡಿ ನೇರವಾಗಿ ನೋಡಲಾಯಿತು. ಪ್ರಾಣಿಗಳಲ್ಲಿ ಸಿಟಿಸಿಎಫ್ ಎಂಬ ಪ್ರೋಟೀನ್ ಈ ಎಳೆತಕ್ಕೆ ಗಡಿಗಲ್ಲಾಗಿ ನಿಲ್ಲುತ್ತದೆ. ಇಷ್ಟರಿಂದಲೇ ವಲಯಗಳ ವಿವರಣೆ ಮುಗಿಯುತ್ತದೆ, ಅತಿಸುರುಳಿಯ ಹಂಗಿಲ್ಲ ಎಂಬುದು ವಾದ. ಗಿಡಗಳು ಈ ವಾದವನ್ನು ಪರೀಕ್ಷೆಗೆ ಒಡ್ಡುತ್ತವೆ. ಗಿಡಗಳಲ್ಲಿ ಸಿಟಿಸಿಎಫ್ ಇಲ್ಲ. ಆದರೂ 2017ರ ಸುಮಾರಿಗೆ ಭತ್ತ, ಮೆಕ್ಕೆಜೋಳ, ಜೋಳ, ಟೊಮ್ಯಾಟೊಗಳ ನಕ್ಷೆಗಳಲ್ಲಿ ವಲಯಗಳು ಕಂಡವು, ಅವುಗಳ ಗಡಿಗಳಲ್ಲಿ ಮತ್ತೆ ಚುರುಕಾದ ಜೀನುಗಳೇ ಸಿಕ್ಕವು. ಜೋಳ ಕಬ್ಬಿಗೂ, ಟೊಮ್ಯಾಟೊ ತಂಬಾಕಿಗೂ ಹತ್ತಿರದ ಬಂಧುಗಳೆಂಬುದನ್ನು ಇಲ್ಲಿ ನೆನೆಯಬೇಕು. ಗಡಿಗಲ್ಲಿಲ್ಲದ ಊರಿನಲ್ಲಿ ಗಡಿ ಹಾಕುವ ಕೆಲಸವನ್ನು ಜೀನ್ ಓದುವಿಕೆಯೂ ಅದು ಹುಟ್ಟಿಸುವ ತಿರುಚೂ ಹಂಚಿಕೊಂಡಿವೆ ಎಂಬುದೇ ಸಮಂಜಸವಾದ ತೀರ್ಮಾನ. ಕುಣಿಕೆ ಎಳೆಯುವ ಯಂತ್ರಗಳೂ ತಿರುಚಿನಿಂದ ಹೊರತಲ್ಲ: 2024ರಲ್ಲಿ ಡೆಲ್ಫ್ಟ್‌ನ ಸೀಸ್ ಡೆಕ್ಕರ್ ತಂಡ ಈ ಯಂತ್ರಗಳು ಒಂದೊಂದು ಎಳೆತಕ್ಕೂ ಡಿಎನ್‌ಎಗೆ ಋಣ 0.6 ಸುತ್ತಿನ ತಿರುಚು ಕೊಡುತ್ತವೆ ಎಂದು ಅಳೆಯಿತು. ಕುಣಿಕೆಯೂ ಅತಿಸುರುಳಿಯೂ ಒಂದೇ ಕೆಲಸದ ಎರಡು ಮುಖಗಳು. ಒಂದನ್ನು ಒಪ್ಪಿ ಇನ್ನೊಂದನ್ನು ಬದಿಗಿಡುವ ವಿವರಣೆ ಅರ್ಧ ವಿವರಣೆ.

ಕಬ್ಬಿನ ಗಣಿಕೆ ಮತ್ತು 95 ಕೋಟಿ ಹೆಣಿಕೆಗಳು

ವರ್ಣತಂತುವಿನ ಕಠಿಣ ಪರೀಕ್ಷೆ ಕೋಶ ಒಡೆಯುವಾಗ ನಡೆಯುತ್ತದೆ. ಇದಕ್ಕೆ ಕಬ್ಬಿಗಿಂತ ಕಷ್ಟದ ಉದಾಹರಣೆ ಬೆಳೆಗಳಲ್ಲಿ ಅಪರೂಪ. ರಸಕಬ್ಬಿಗೆ 80 ವರ್ಣತಂತುಗಳು, ಕಾಡುಕಬ್ಬಿಗೆ ತಳಿಯಿಂದ ತಳಿಗೆ 40ರಿಂದ 128. ಕೊಯಮತ್ತೂರಿನಲ್ಲಿ 1912ರಲ್ಲಿ ಆರಂಭವಾದ ಕಬ್ಬು ತಳಿ ಸಂಶೋಧನಾ ಕೇಂದ್ರದಲ್ಲಿ ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಇವೆರಡನ್ನೂ ಕೂಡಿಸಿ ಸಿಒ 205 ತಳಿ ಪಡೆದರು. 1930ರ ದಶಕದಲ್ಲಿ ಇ.ಕೆ. ಜಾನಕಿ ಅಮ್ಮಾಳ್ ಅದೇ ಕೇಂದ್ರದಲ್ಲಿ ಕಬ್ಬಿನ ವರ್ಣತಂತುಗಳನ್ನು ಅಧ್ಯಯನ ಮಾಡಿದರು. ಆ ಪರಂಪರೆಯ ಸಿಒ 86032 ತಳಿ ಕೃಷ್ಣಾ ತೀರದ ರೈತರಿಗೆ ಚಿರಪರಿಚಿತ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಆರ್570 ತಳಿಯ ಜೀನೋಮ್ ಅಧ್ಯಯನ ಸುಮಾರು 870 ಕೋಟಿ ಜೋಡಿಗಳನ್ನು ಜೋಡಿಸಿ, ಆ ತಳಿಯಲ್ಲಿ ಸುಮಾರು 114 ವರ್ಣತಂತುಗಳಿದ್ದು ಬಹುಪಾಲು ರಸಕಬ್ಬಿನದೂ ಉಳಿದದ್ದು ಕಾಡುಕಬ್ಬಿನದೂ ಎಂದು ವಿವರಿಸಿತು.

ಕಬ್ಬನ್ನು ಬೀಜದಿಂದ ಬಿತ್ತುವುದಿಲ್ಲ. ಗಣಿಕೆಯ ತುಂಡು ನೆಟ್ಟರೆ ಕಣ್ಣೊಡೆದು ಹೊಸ ಗಿಡ ಬರುತ್ತದೆ. ಅಥಣಿಯ ಒಂದು ಹೊಲದ ಕಬ್ಬು ಮತ್ತು ಕಾಗವಾಡದ ಒಂದು ಹೊಲದ ಕಬ್ಬು ಒಂದೇ ತಳಿಯಾಗಿದ್ದರೆ, ಎರಡೂ ಒಂದೇ ಮೂಲ ಸಸಿಯ ಕೋಶಗಳು ಲೆಕ್ಕವಿಲ್ಲದಷ್ಟು ಸಲ ಒಡೆದು ಬಂದವು. ಪ್ರತಿ ಸಲ ಡಿಎನ್‌ಎ ನಕಲಾಗುವಾಗ ತಾಯಿ ಎಳೆಗಳ ಪ್ರತಿ ಸುತ್ತೂ ಬಿಡಿಸಲ್ಪಡಬೇಕು. 1,000 ಕೋಟಿ ಜೋಡಿಗಳನ್ನು 10.5ರಿಂದ ಭಾಗಿಸಿದರೆ ಹೊರೆ ಗೊತ್ತಾಗುತ್ತದೆ: ಒಂದೊಂದು ಕೋಶ ಒಡೆಯುವ ಮುನ್ನ 95 ಕೋಟಿ ಹೆಣಿಕೆಗಳು ಬಿಡಬೇಕು, ಒಂದೂ ಉಳಿಯಬಾರದು. ಪ್ರತಿಗಳನ್ನು ಕೊನೆಗೆ ಬಿಡಿಸುವ ಕಿಣ್ವ, ಗೈರೇಸಿನಂತೆ ಎರಡೂ ಎಳೆಗಳನ್ನು ಕತ್ತರಿಸುವ ಎರಡನೆಯ ಬಗೆಯ ಟೊಪೊಐಸೊಮರೇಸ್. ಆದರೆ ಈ ಕಿಣ್ವಕ್ಕೆ ದಿಕ್ಕು ತಿಳಿಯದು; ಹೆಣಿಕೆ ಬಿಡಿಸಿದಂತೆಯೇ ಅದು ಹೊಸ ಹೆಣಿಕೆ ಹಾಕಲೂ ಬಲ್ಲುದು. ದಿಕ್ಕು ಕೊಡುವುದು ವರ್ಣತಂತುವಿನ ಆಕಾರ. 1997ರಲ್ಲಿ ಕಿಮುರಾ ಮತ್ತು ಹಿರಾನೊ ಕಾಂಡೆನ್ಸಿನ್ ಡಿಎನ್‌ಎಗೆ ಧನ ಅತಿಸುರುಳಿ ಕೊಡಬಲ್ಲುದೆಂದು ತೋರಿಸಿದರು. 2011ರಲ್ಲಿ ಬ್ಯಾಕ್ಸ್ಟರ್ ಮತ್ತು ಸಂಗಡಿಗರು ಯೀಸ್ಟಿನಲ್ಲಿ ಕೋಶ ಒಡೆಯುವ ಹೊತ್ತಿಗೆ ಡಿಎನ್‌ಎ ಧನ ಅತಿಸುರುಳಿ ಪಡೆಯುವುದನ್ನೂ, ಆ ಸ್ಥಿತಿಯಲ್ಲೇ ಕಿಣ್ವ ಪ್ರತಿಗಳನ್ನು ಬಿಡಿಸುವ ಕಡೆಗೆ ವಾಲುವುದನ್ನೂ ಕಂಡರು. ಇಲ್ಲಿ ಅತಿಸುರುಳಿ ಸುಮ್ಮನೆ ಸ್ಥಳ ಉಳಿಸುತ್ತಿಲ್ಲ. ಕುರುಡು ಕಿಣ್ವಕ್ಕೆ ದಾರಿ ತೋರಿಸುತ್ತಿದೆ. ತಳಿಯೊಂದು ದಶಕಗಳ ಕಾಲ ತನ್ನ ಗುಣ ಉಳಿಸಿಕೊಂಡು ಬರುವುದರ ಹಿಂದೆ ರೈತನ ಶ್ರಮದಷ್ಟೇ ಈ ನಿಖರತೆಯೂ ಇದೆ.

ಔಷಧಗಳ ಸಾಕ್ಷ್ಯ

ಅತಿಸುರುಳಿ ಪಕ್ಕದ ಪಾತ್ರವೇ ಆಗಿದ್ದರೆ ಅದನ್ನು ಕೆಡಿಸಿದಾಗ ಜೀವಕೋಶಗಳು ಸಾಯಬೇಕಿರಲಿಲ್ಲ. ವೈದ್ಯಶಾಸ್ತ್ರ ಹೇಳುವುದು ಬೇರೆ. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಮುಂತಾದ ಔಷಧಗಳು ಬ್ಯಾಕ್ಟೀರಿಯಾದ ಗೈರೇಸ್ ಮತ್ತು ಅದರ ಬಳಗದ ಕಿಣ್ವ ಡಿಎನ್‌ಎ ಕತ್ತರಿಸಿದ ಗಳಿಗೆಯಲ್ಲೇ ಅದನ್ನು ಹಿಡಿದು ನಿಲ್ಲಿಸುತ್ತವೆ. ಕತ್ತರಿಸಿದ ವರ್ಣತಂತು ಮತ್ತೆ ಬೆಸೆದುಕೊಳ್ಳದೆ ಬ್ಯಾಕ್ಟೀರಿಯಾ ಸಾಯುತ್ತದೆ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಎರಡನೆಯ ಬಗೆಯ ಟೊಪೊಐಸೊಮರೇಸ್ ಗೈರೇಸ್ ಒಂದೇ. ಒಂದೆಳೆಯನ್ನು ಕತ್ತರಿಸುವ ಮೊದಲನೆಯ ಬಗೆಯದೂ ಒಂದೇ. ಬದಲಿ ಕಿಣ್ವವಿಲ್ಲದ ಕಾರಣ ಎರಡೂ ಔಷಧಕ್ಕೆ ಒಳ್ಳೆಯ ಗುರಿಗಳು. ಭಾರತೀಯ ವಿಜ್ಞಾನ ಸಂಸ್ಥೆಯ ವಿ. ನಾಗರಾಜ ಅವರ ಪ್ರಯೋಗಾಲಯ ಕ್ಷಯಕುಲದ ಬ್ಯಾಕ್ಟೀರಿಯಾಗಳ ಈ ಕಿಣ್ವಗಳ ಮೇಲೆ ದೀರ್ಘಕಾಲ ಕೆಲಸ ಮಾಡಿದೆ. ಔಷಧಕ್ಕೆ ಬಗ್ಗದ ಕ್ಷಯದ ಚಿಕಿತ್ಸೆಯಲ್ಲಿ ಮಾಕ್ಸಿಫ್ಲಾಕ್ಸಸಿನ್ ಮುಖ್ಯ. ಗೈರೇಸಿನ ಒಂದೆರಡು ತಾಣಗಳಲ್ಲಿ ಆಗುವ ಮಾರ್ಪಾಡು ಈ ಔಷಧವನ್ನು ವಿಫಲಗೊಳಿಸಬಲ್ಲುದು. ಅದಕ್ಕಾಗಿಯೇ ಇವನ್ನು ವೈದ್ಯರ ಸಲಹೆಯಿಲ್ಲದೆ ಕೊಳ್ಳುವುದೂ ಅರ್ಧಕ್ಕೆ ಬಿಡುವುದೂ ಅಪಾಯ.

ಇನ್ನೊಂದು ಸಾಕ್ಷ್ಯ ಸಹ್ಯಾದ್ರಿಯ ಕಾಡಿನಿಂದ ಬರುತ್ತದೆ. ಮರಾಠಿಯಲ್ಲಿ ನರಕ್ಯಾ ಎನ್ನುವ ನೊಥಾಪೊಡೈಟಿಸ್ ಗಿಡದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಅಣುವಿದೆ. ಅದರಿಂದ ರೂಪಿಸಿದ ಔಷಧಗಳನ್ನು ಕ್ಯಾನ್ಸರ್ ಚಿಕಿತ್ಸೆಗೆ ಬಳಸುತ್ತಾರೆ. ಅದು ತಡೆಯುವುದು ಮೊದಲನೆಯ ಬಗೆಯ ಟೊಪೊಐಸೊಮರೇಸನ್ನು. ಈ ಅಣುವನ್ನು ತಯಾರಿಸುವ ಗಿಡಗಳು ಅದೇ ವಿಷದಿಂದ ಸಾಯುವುದಿಲ್ಲವೇಕೆ? ಅಂಥ ಗಿಡಗಳ ಕಿಣ್ವದಲ್ಲಿ ವಿಷ ಅಂಟದಂತೆ ತಡೆಯುವ ಮಾರ್ಪಾಡು ಇರುವುದನ್ನು 2008ರಲ್ಲಿ ಜಪಾನಿನ ವಿಜ್ಞಾನಿಗಳು ಪತ್ತೆಹಚ್ಚಿದರು. ಅತಿಸುರುಳಿ ನಿಭಾಯಿಸುವ ಕಿಣ್ವವನ್ನು ಬಿಟ್ಟುಕೊಟ್ಟು ಬದುಕುವ ದಾರಿ ಗಿಡಕ್ಕೆ ಸಿಗಲಿಲ್ಲ. ಅದನ್ನು ಉಳಿಸಿಕೊಂಡೇ ವಿಷದಿಂದ ಪಾರಾಗಬೇಕಾಯಿತು.

ತೀರ್ಮಾನ

ಬ್ಯಾಕ್ಟೀರಿಯಾದಲ್ಲಿ ಜೀನ್ ಸಾಗಿಸಿ ಗಡಿ ಸಾಗಿಸಿದ ಪ್ರಯೋಗ, ತಂಬಾಕಿನ ಬಂಧುವಿನಲ್ಲಿ ಗೈರೇಸ್ ಅಡಗಿಸಿ ಕ್ಲೋರೋಪ್ಲಾಸ್ಟ್ ಡಿಎನ್‌ಎಯ ಹಂಚಿಕೆ ಕೆಡಿಸಿದ ಪ್ರಯೋಗ, ಯೀಸ್ಟಿನಲ್ಲಿ ಧನ ಅತಿಸುರುಳಿ ಪ್ರತಿಗಳನ್ನು ಬಿಡಿಸಲು ದಿಕ್ಕು ಕೊಟ್ಟ ಸಾಕ್ಷ್ಯ, ಮನುಷ್ಯನ ವರ್ಣತಂತುವಿನ ತಿರುಚಿನ ನಕ್ಷೆ ಇವೆಲ್ಲ ಒಂದೇ ಮಾತನ್ನು ಎತ್ತಿಹಿಡಿಯುತ್ತವೆ. ಅತಿಸುರುಳಿ ವರ್ಣತಂತು ವ್ಯವಸ್ಥೆಯ ಏಕೈಕ ಕಾರಣವಲ್ಲ, ಆದರೆ ಅದನ್ನು ಬಿಟ್ಟು ಬರೆದ ಯಾವ ವಿವರಣೆಯೂ ಪೂರ್ಣವಲ್ಲ. ಜೀನೋಮಿನ ಬರಹವನ್ನು ಓದಿದ ಮಾತ್ರಕ್ಕೆ ವರ್ಣತಂತುವನ್ನು ಅರಿತಂತಾಗುವುದಿಲ್ಲ. ಆ ಬರಹ ಎಷ್ಟು ಬಿಗುವಿನಲ್ಲಿ ಎಲ್ಲೆಲ್ಲಿ ತಿರುಚಿಕೊಂಡಿದೆ ಎಂಬುದೂ ಗೊತ್ತಾಗಬೇಕು.

ಈ ಕೆಲಸಕ್ಕೆ ಬೆಳಗಾವಿ ಸೀಮೆ ಯೋಗ್ಯ ನೆಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳು ತಂಬಾಕಿಗೆ ನಿಪ್ಪಾಣಿಯಲ್ಲೂ, ಕಬ್ಬಿಗೆ ನೆರೆಯ ಸಂಕೇಶ್ವರದಲ್ಲೂ ಇವೆ. ಅಥಣಿ, ಕಾಗವಾಡಗಳ ಬರ, 2005 ಮತ್ತು 2019ರಂಥ ಕೃಷ್ಣಾ ಪ್ರವಾಹಗಳಲ್ಲಿ ಚಿಕ್ಕೋಡಿ, ರಾಯಬಾಗಗಳ ಹೊಲಗಳಲ್ಲಿ ನಿಂತ ನೀರು, ಇವೆರಡನ್ನೂ ಒಂದೇ ಬೆಳೆ ಎದುರಿಸುತ್ತದೆ. ಬರದಲ್ಲೂ ನೆರೆಯಲ್ಲೂ ಗಿಡ ತನ್ನ ಸಾವಿರಾರು ಜೀನುಗಳ ಓದುವಿಕೆಯನ್ನು ಒಮ್ಮೆಲೇ ಬದಲಿಸಿಕೊಳ್ಳುತ್ತದೆ. ಆಗ ಅದರ ವರ್ಣತಂತುಗಳ ತಿರುಚೂ ಬದಲಾಗಲೇಬೇಕು. ಸೋರಾಲೆನ್ ನಕ್ಷೆಯ ವಿಧಾನ ಸಿದ್ಧವಾಗಿದೆ, ಕಬ್ಬಿನ ಜೀನೋಮ್ ಬಯಲಾಗಿದೆ, ಟೊಪೊಐಸೊಮರೇಸುಗಳನ್ನು ಬಲ್ಲ ಪರಂಪರೆ ಬೆಂಗಳೂರಿನಲ್ಲಿದೆ. ಧಾರವಾಡ ಮತ್ತು ಬೆಂಗಳೂರಿನ ಪ್ರಯೋಗಾಲಯಗಳು ಕೈಜೋಡಿಸಿ ಕೃಷ್ಣಾ ತೀರದ ಕಬ್ಬಿನ ತಿರುಚಿನ ನಕ್ಷೆಯನ್ನು ತೆಗೆಯಬೇಕು; ತಳಿ ಆಯ್ಕೆಯ ಅಳತೆಗೋಲುಗಳಲ್ಲಿ ಅದಕ್ಕೂ ಒಂದು ಸ್ಥಾನ ಸಿಗಬೇಕು.